ಕುಂಕುಮ ಒರೆಸಿ ಓದಿದ ಅಕ್ಷರಗಳು

ಮಗಳ ಫೋನ್ ನಂಬರ್ ಕೇಳಿದರೆ ನಾನು ಮೊಬೈಲ್ ತೆಗೆದು ನೋಡಬೇಕು. ವಯಸ್ಸಾಯಿತು. ಆದರೆ ಐದೈದರ ಗುಂಪುಗಳಲ್ಲಿ ಅಚ್ಚಾಗಿದ್ದ, ಅರ್ಥವೇ ಇಲ್ಲದ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಒಂದು ಸಾಲು ಮಾತ್ರ ಈಗಲೂ ತಪ್ಪಿಲ್ಲದೆ ಬಾಯಿಗೆ ಬರುತ್ತದೆ. ಅದು ನನ್ನ ಗೆಳೆಯನ ಸ್ವತ್ತು. ಅವನನ್ನು ಕೇಳದೆ ತೆಗೆದುಕೊಂಡೆ. ತೆಗೆದುಕೊಂಡದ್ದರಿಂದ ಅವನಿಗೆ ಏನೂ ಕಡಿಮೆಯಾಗಲಿಲ್ಲ ಎಂದೇ ಬಹಳ ವರ್ಷ ಅಂದುಕೊಂಡಿದ್ದೆ. ಕಡಿಮೆಯಾದದ್ದು ಅವನ ಹೆಂಡತಿಗೆ. ಆ ಅಕ್ಷರಗಳಿಂದ, ಅದಕ್ಕಿಂತ ಹೆಚ್ಚಾಗಿ ಆಮೇಲೆ ನಾನು ಆಡಿದ ಒಂದು ಮಾತಿನಿಂದ, ಅವಳಿಗೆ ತವರು ತಪ್ಪಿತು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ದೊಡ್ಡಬಳ್ಳಾಪುರದಲ್ಲಿ ಸೀರೆಗಳಿಗೆ ಗ್ರಾಫ್ ಬರೆಯುವ ಕೆಲಸ ಮಾಡುತ್ತಿದ್ದೆ. ಚೌಕುಳಿ ಹಾಳೆಯ ಮೇಲೆ ಅಂಚು, ಸೆರಗು, ಬುಟ್ಟಾ ಎಲ್ಲವನ್ನೂ ಒಂದೊಂದೇ ಮನೆ ತುಂಬಿ ಬರೆಯಬೇಕು. ಒಂದು ಮನೆ ಎಂದರೆ ಒಂದು ಎಳೆ. ಅದನ್ನು ನೋಡಿಕೊಂಡು ರಟ್ಟಿಗೆ ತೂತು ಹೊಡೆಯುತ್ತಾರೆ, ಆ ರಟ್ಟಿನ ಸರ ಮಗ್ಗದ ಮೇಲೆ ಹತ್ತುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆ ಮನೆ ತುಂಬಿದವನಿಗೆ ಒಂದು ಸಾಲನ್ನು ನೋಡಿ ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ. ಕಣ್ಣು ಅದನ್ನು ಓದುವುದಿಲ್ಲ, ಹಿಡಿದುಕೊಳ್ಳುತ್ತದೆ.

ಆಮೇಲೆ ಗ್ರಾಫ್ ಬರೆಯುವುದಕ್ಕೆ ಕಂಪ್ಯೂಟರ್ ಬಂತು. ಹಾಳೆಯನ್ನು ನಂಬಿದ್ದ ಹಲವರು ಕೆಲಸ ಬಿಟ್ಟರು. ನಾನು ಬಿಡಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಹೇಳಿಕೊಡುವ ಕಡೆ ಕಾಲೇಜು ಹುಡುಗಿಯರ ಮಧ್ಯೆ ಕೂತು ಕಲಿತೆ. ಒಂದು ಕಂಪ್ಯೂಟರ್ ಇಟ್ಟುಕೊಂಡು ಡಿಸೈನ್ ಅಂಗಡಿ ತೆಗೆದೆ. ಸ್ವಲ್ಪ ದಿನದಲ್ಲಿ ಡಿಸೈನಿಗಿಂತ ಹೆಚ್ಚಾಗಿ ಇನ್ನೊಂದು ಕೆಲಸಕ್ಕೆ ಜನ ನನ್ನನ್ನು ಕರೆಯತೊಡಗಿದರು. "ಗುರು, ನಮ್ ಸಿಸ್ಟಮ್ ಎದ್ದೇಳ್ತಿಲ್ಲ, ಒಸಿ ಫಾರ್ಮ್ಯಾಟ್ ಮಾಡ್ಕೊಡು ಬಾ."

ಮಗ್ಗಕ್ಕೆ ಚೌಕಟ್ಟು ಇದ್ದ ಹಾಗೆ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್, ಚಿಕ್ಕದಾಗಿ ಓಎಸ್ ಎನ್ನುತ್ತಾರೆ. ಅದನ್ನು ಹಾಕದಿದ್ದರೆ ಉಳಿದದ್ದು ಯಾವುದೂ ನಿಲ್ಲುವುದಿಲ್ಲ. ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು ಎನ್ನುವ ವಿಷಯ ನಮ್ಮ ಊರಿನಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರು ನಂಬಲಿಲ್ಲ. ನನ್ನ ಹತ್ತಿರ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದ ಡಿಸ್ಕ್ ಇತ್ತು. ಅದನ್ನು ಹಾಕಿದರೆ ಅರ್ಧ ದಾರಿಯಲ್ಲಿ ನಿಂತು ಕೀ ಕೇಳುತ್ತದೆ. ಕೀ ಎಂದರೆ ಅಕ್ಷರಗಳ ಆ ಸಾಲು, ಕೊಂಡವನಿಗೆ ಮಾತ್ರ ಕಂಪನಿಯವರು ಕೊಡುವುದು. ನಮ್ಮಲ್ಲಿ ಊರಿಗೆಲ್ಲ ಒಂದೇ ಕೀ ಓಡುತ್ತಿತ್ತು. ಎಲ್ಲಿಂದಲೋ ಬಂದದ್ದು, ಯಾರದೋ. ಅದನ್ನು ಒತ್ತುವಾಗ ನನಗೆ ಯಾವತ್ತೂ ಕೈ ತಡೆಯಲಿಲ್ಲ. ಸೋಮವಾರ ಚಿಕ್ಕಪೇಟೆಯಲ್ಲಿ ತೂಗುಹಾಕಿದ ಸೀರೆಯ ಅಂಚು ಮುಂದಿನ ಸೋಮವಾರಕ್ಕೆ ನಮ್ಮ ಬೀದಿಯ ನಾಲ್ಕು ಮಗ್ಗದ ಮೇಲೆ ಇರುತ್ತಿತ್ತು. ಅಂಥ ಕಡೆ ಬೆಳೆದವನು ನಾನು. ಇದನ್ನು ಸಮರ್ಥನೆಗೆ ಹೇಳುತ್ತಿಲ್ಲ, ಇದ್ದದ್ದು ಹಾಗೆ.

ಒಂದು ಸಲ ಕಂಪನಿಯವರು ಆ ಕೀಯನ್ನೇ ಮುಚ್ಚಿಬಿಟ್ಟರು. ಇಂಟರ್‌ನೆಟ್ ಹಾಕಿಸಿಕೊಂಡಿದ್ದವರ ಪರದೆಗಳೆಲ್ಲ ಕಪ್ಪಾದವು. ಕಂಪ್ಯೂಟರ್ ಓಡುತ್ತದೆ, ಆದರೆ ಹಿಂದಿನ ಚಿತ್ರ ಹೋಗಿ ಕಪ್ಪು ಬಣ್ಣ, ಮೂಲೆಯಲ್ಲಿ ಒಂದು ಸಾಲು. ಈ ಪ್ರತಿ ಅಸಲಿಯಲ್ಲ, ನೀವು ಮೋಸಹೋಗಿರಬಹುದು ಎನ್ನುವ ಅರ್ಥದ್ದು. ಜನ ನನ್ನ ಅಂಗಡಿಗೆ ಬಂದು ಜಗಳ ತೆಗೆದರು. "ಏನಪ್ಪಾ, ಎಂಥದ್ದು ಹಾಕ್ಕೊಟ್ಟಿದ್ದೀಯಾ, ಟಿವಿ ಸತ್ತೋದಂಗೆ ಆಗೈತೆ." ನನ್ನ ಹತ್ತಿರ ಬೇರೆ ಕೀ ಇರಲಿಲ್ಲ.

ಅದೇ ವಾರ ಗೆಳೆಯನ ಮನೆಗೆ ಹೊಸ ಕಂಪ್ಯೂಟರ್ ಬಂತು.

ಅವನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮನೆಯ ಹಿಂದೆ ಅವನ ಮಗ್ಗಗಳು. ಅವನಿಗೊಂದು ಹಟವಿತ್ತು: ಆರ್ಟ್ ಸಿಲ್ಕನ್ನು, ಅಂದರೆ ಕೃತಕ ರೇಷ್ಮೆಯನ್ನು, ಆರ್ಟ್ ಸಿಲ್ಕ್ ಎಂದೇ ಮಾರುತ್ತಿದ್ದ. ರೇಷ್ಮೆ ಎಂದು ಹೇಳಿದರೆ ಕೊಳ್ಳುವವರಿಗೂ ಖುಷಿ, ಮಾರುವವರಿಗೂ ಖುಷಿ ಎಂದು ವ್ಯಾಪಾರಿಗಳೇ ಹೇಳಿಕೊಟ್ಟರೂ ಕೇಳುತ್ತಿರಲಿಲ್ಲ. ಊರಿನಲ್ಲಿ ಇದಕ್ಕೆ ಅವನನ್ನು ಸ್ವಲ್ಪ ಗೌರವಿಸುತ್ತಿದ್ದರು, ಹೆಚ್ಚು ಆಡಿಕೊಳ್ಳುತ್ತಿದ್ದರು. ಅವನ ಹೆಂಡತಿ ನೆಲಮಂಗಲದ ಹತ್ತಿರದ ಅರಿಶಿನಕುಂಟೆಯ ಹುಡುಗಿ. ಅವಳಿಗೆ ಒಬ್ಬನೇ ತಮ್ಮ. ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ, ದಿನಾ ಊರಿನಿಂದಲೇ ಹೋಗಿಬರುತ್ತಿದ್ದ. ಭಾವನ ಸ್ವಭಾವ ಗೊತ್ತಿದ್ದ ಆ ಹುಡುಗ, ಎಲ್ಲವೂ ಅಸಲಿಯೇ ಇರಲಿ ಎಂದು ಓಎಸ್ ಕೂಡ ಕೊಂಡು ಹಾಕಿಸಿಯೇ ತಂದಿದ್ದ. ಸಿಪಿಯು ಡಬ್ಬಿಯ ಪಕ್ಕದಲ್ಲಿ ಹೊಳೆಯುವ ಸ್ಟಿಕ್ಕರ್ ಅಂಟಿಸಿ, ಅದರ ಮೇಲಿನ ಕೀಯನ್ನು ತೋರಿಸಿದ.

"ಭಾವ, ಇದು ಒರಿಜಿನಲ್. ಇಡೀ ದೊಡ್ಡಬಳ್ಳಾಪುರದಲ್ಲಿ ಒಂದೇ ಇದ್ರೂ ಇರಬಹುದು."

"ನಮ್ ಸಾಹೇಬ್ರಿಗೆ ಕೇಳು, ಅವ್ರು ಊರಿಗೆಲ್ಲ ಹಾಕೋದು ಎಂಥದ್ದು ಅಂತ," ಎಂದು ಗೆಳೆಯ ನನ್ನ ಕಡೆ ಕಣ್ಣು ಮಿಟುಕಿಸಿದ.

"ನಂದೂ ಒರಿಜಿನಲ್ಲೇ ಕಣೋ. ಒರಿಜಿನಲ್ ಡುಪ್ಲಿಕೇಟು," ಎಂದೆ. ಎಲ್ಲರೂ ನಕ್ಕರು. ತಮ್ಮನೂ ನಕ್ಕ.

ಹೊಸ ಮಗ್ಗ ಬಂದರೆ ಮಾಡುವ ಪೂಜೆಯನ್ನೇ ಕಂಪ್ಯೂಟರಿಗೂ ಮಾಡಿದರು. ಗೆಳೆಯನ ಹೆಂಡತಿ ಪರದೆಗೆ ಒಂದು ಬೊಟ್ಟು, ಕೀಬೋರ್ಡಿಗೆ ಒಂದು ಬೊಟ್ಟು ಇಟ್ಟಳು. ಡಬ್ಬಿಗೆ ಎಲ್ಲಿ ಇಡುವುದು ಎಂದು ನೋಡಿ, ಹೊಳೆಯುತ್ತಿದ್ದ ಸ್ಟಿಕ್ಕರಿನ ಮೇಲೆಯೇ ಅರಿಶಿನ ಕುಂಕುಮ ಹಚ್ಚಿದಳು. ತಮ್ಮ ತಂದುಕೊಟ್ಟದ್ದು, ಅದೇ ಅದರ ಹಣೆ ಎಂದು ಅವಳಿಗೆ ಅನಿಸಿರಬೇಕು.

ಒಬ್ಬಟ್ಟಿನ ಊಟ ಮುಗಿದು ಎಲ್ಲರೂ ಜಗಲಿಗೆ ಹೋದಾಗ, ಪ್ರಿಂಟರ್ ಜೋಡಿಸುತ್ತೇನೆ ಎಂದು ನಾನು ಒಳಗೆ ಉಳಿದೆ. ಪಂಚೆಯ ಅಂಚಿನಿಂದ ಸ್ಟಿಕ್ಕರಿನ ಮೇಲಿನ ಕುಂಕುಮ ಒರೆಸಿದೆ. ಗ್ರಾಫಿನ ಸಾಲು ನೋಡಿದ ಹಾಗೆ ಐದು ಗುಂಪನ್ನೂ ನೋಡಿಕೊಂಡೆ. ಬರೆದುಕೊಳ್ಳಲಿಲ್ಲ, ಬೇಕಾಗಿರಲಿಲ್ಲ. ಆಮೇಲೆ ಬಟ್ಟಲಿನಿಂದ ಸ್ವಲ್ಪ ಕುಂಕುಮ ತೆಗೆದು, ಮೊದಲಿದ್ದ ಕಡೆಯೇ ಹಚ್ಚಿದೆ. ಈ ಕೊನೆಯ ಕೆಲಸ ನೆನಪಾದರೆ ಈಗಲೂ ನನ್ನ ಬೆರಳು ನೋಡಿಕೊಳ್ಳುತ್ತೇನೆ. ತಪ್ಪು ಎಂದು ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವುದಕ್ಕೆ ಅದು ಬಿಡುವುದಿಲ್ಲ.

ಆ ಕೀ ಊರೆಲ್ಲ ಓಡಿತು. ಕಪ್ಪಾಗಿದ್ದ ಪರದೆಗಳಲ್ಲಿ ಮತ್ತೆ ಹಸಿರು ಗುಡ್ಡ, ನೀಲಿ ಆಕಾಶ ಬಂದವು. ಜನ ಫೋನ್ ಮಾಡಿ ಕೇಳುತ್ತಿದ್ದರು, ನಾನು ಊಟ ಮಾಡುತ್ತಲೇ ಹೇಳುತ್ತಿದ್ದೆ, ಅವರು ಆ ಕಡೆ ಒತ್ತಿಕೊಳ್ಳುತ್ತಿದ್ದರು. ಕಂಪನಿಯ ಅನುಮತಿ ಕೇಳುವ ಭಾಗವನ್ನು ಸುಮ್ಮನಾಗಿಸುವುದಕ್ಕೆ ಬೇರೆ ಒಂದು ಸಣ್ಣ ಪ್ರೋಗ್ರಾಮ್ ಇತ್ತು, ಸ್ವಲ್ಪ ದಿನದ ಮೇಲೆ ಅದನ್ನೂ ಹಂಚಿದೆ. ದೇವನಹಳ್ಳಿ ಕಡೆಯಿಂದಲೂ ಕೇಳಿಕೊಂಡು ಬಂದರು. ದುಡ್ಡಿನ ಆಸೆ ದೊಡ್ಡದಾಗಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದರೆ "ಕೀ ಗುರುಗಳೇ" ಎನ್ನುತ್ತಿದ್ದರಲ್ಲ, ಅದು ಚೆನ್ನಾಗಿತ್ತು. ರಟ್ಟಿಗೆ ತೂತು ಹೊಡೆಯುವವರ ಪಕ್ಕ ಕೂತು ಬೆನ್ನು ಬಾಗಿಸಿಕೊಂಡವನಿಗೆ ಮೊದಲ ಸಲ ಯಾರೋ ಗುರುಗಳೇ ಎಂದಿದ್ದರು.

ಅಷ್ಟು ಕಡೆ ಒಂದೇ ಕೀ ಕಾಣಿಸಿಕೊಂಡರೆ ಕಂಪನಿಯವರು ಸುಮ್ಮನಿರುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಮೊದಲಿನ ಕೀಗೆ ಆದದ್ದೇ ಇದಕ್ಕೂ ಆಯಿತು. ನಾನು ಹಾಕಿಕೊಟ್ಟವರಿಗೆ ಏನೂ ಆಗಲಿಲ್ಲ, ಅವರದು ಆ ಸಣ್ಣ ಪ್ರೋಗ್ರಾಮ್ ಬಾಯಿ ಕಟ್ಟಿದ ಪ್ರತಿ, ಕಂಪನಿಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಕಂಪನಿಯನ್ನು ನೇರವಾಗಿ ಕೇಳಿ ನೇರವಾಗಿ ಉತ್ತರ ಪಡೆಯುತ್ತಿದ್ದದ್ದು ಗೆಳೆಯನ ಕಂಪ್ಯೂಟರ್ ಒಂದೇ. ಅದು ಕಪ್ಪಾಯಿತು.

ಅದು ಕಪ್ಪಾದದ್ದು ಚಿಕ್ಕಪೇಟೆಯಿಂದ ಬಂದಿದ್ದ ಸೇಟು ಒಬ್ಬ ಹೊಸ ಅಂಚುಗಳನ್ನು ನೋಡಲು ಕುರ್ಚಿ ಎಳೆದುಕೊಂಡು ಕೂತಿದ್ದಾಗ. ಅವನು ಮೂಲೆಯ ಸಾಲು ಓದಿ, ತನ್ನ ಕನ್ನಡದಲ್ಲಿ, "ಏನ್ರೀ, ನಮ್ಗೆ ಆರ್ಟ್ ಸಿಲ್ಕ್ ಆರ್ಟ್ ಸಿಲ್ಕ್ ಅಂತ ಪಾಠ ಹೇಳ್ತೀರಿ, ನಿಮ್ ಡಬ್ಬಾನೇ ನಕಲಿ ಅಂತಲ್ಲ?" ಎಂದನಂತೆ. ತಮಾಷೆಗೇ ಅಂದದ್ದು. ಆದರೆ ಅಲ್ಲಿದ್ದ ಮಗ್ಗದ ಹುಡುಗರಿಗೂ ಅದು ಕೇಳಿಸಿತು, ಸಂಜೆಗೆ ಟೀ ಅಂಗಡಿಗೆ ಬಂತು.

"ಏನ್ಲಾ, ಹರಿಶ್ಚಂದ್ರನ ಮನೆ ಕಂಪ್ಯೂಟರ್ ಡುಪ್ಲಿಕೇಟಂತೆ?"

"ಅಂಗಡಿಯೋನು ಯಾರು? ಸ್ವಂತ ಬಾಮೈದ!"

"ಬಾಮೈದ ಅಂದ್ಮೇಲೆ ಡುಪ್ಲಿಕೇಟೇ ಕಣೋ, ಒರಿಜಿನಲ್ ಅಂದ್ರೆ ಹೆಂಡ್ತಿ ಒಬ್ಳೇ!"

ನಾನೂ ಅಲ್ಲಿದ್ದೆ. ನಕ್ಕೆ ಕೂಡ.

ಪರದೆಯ ಮೇಲಿನ ಸಾಲು ನೀವು ಮೋಸಹೋಗಿರಬಹುದು ಎನ್ನುತ್ತಿತ್ತು, ಮೋಸ ಮಾಡಿದವರು ಯಾರು ಎಂದು ಹೇಳುತ್ತಿರಲಿಲ್ಲ. ಮಾರಿದವನ ಮೇಲೆ ಅನುಮಾನ ಹೋಗುವುದು ಸಹಜ. ಗೆಳೆಯ ಭಾವಮೈದುನನಿಗೆ ಫೋನ್ ಮಾಡಿದ. ಅವನು ಗಾಬರಿಯಾಗದೆ, ಯಾರೋ ಈ ಕೀಯನ್ನು ಬೇರೆ ಕಡೆ ಬಳಸಿದ್ದಾರೆ, ಕಂಪನಿಗೆ ಫೋನ್ ಮಾಡಿ ಸ್ಟಿಕ್ಕರಿನ ಮೇಲಿನದನ್ನು ಓದಿ ಹೇಳಿದರೆ ಹೊಸ ಕೀ ಕೊಡುತ್ತಾರೆ, ಭಾನುವಾರ ನಾನೇ ಬಂದು ಮಾಡಿಸುತ್ತೇನೆ ಎಂದ. ಅವನು ಹೇಳಿದ್ದು ಪೂರ್ತಿ ನಿಜ.

ಗೆಳೆಯ ನೇರವಾಗಿ ನನ್ನ ಅಂಗಡಿಗೆ ಬಂದ. ನಿಂತುಕೊಂಡೇ ಕೇಳಿದ.

"ಹಿಂಗಂತಾನೆ. ಹಂಗೂ ಆಯ್ತದಾ? ನೀನು ತಿಳ್ದೋನು, ಹೇಳು."

ಭಾನುವಾರ ಆ ಹುಡುಗ ಬಂದರೆ ಕೀ ಎಲ್ಲಿ ಓಡಿದೆ ಎಂದು ಒಂದು ಗಳಿಗೆಯಲ್ಲಿ ಗೊತ್ತಾಗುತ್ತದೆ, ಪಕ್ಕದ ಮನೆಯ ಕಂಪ್ಯೂಟರ್ ನೋಡಿದರೆ ಸಾಕು. ನನಗೆ ಅದಷ್ಟೇ ತಲೆಯಲ್ಲಿತ್ತು.

"ಅಂಗಡಿಯವ್ರು ಹಂಗೇ ಅನ್ನೋದು ಕಣೋ," ಎಂದೆ. "ಸ್ಟಿಕ್ಕರೇ ಡುಪ್ಲಿಕೇಟ್ ಬರ್ತದೆ. ಪಾಪ, ಅವನಿಗೂ ಗೊತ್ತಿಲ್ದೇ ಇರಬಹುದು."

ಪಾಪ ಎನ್ನುವ ಮಾತು ಸೇರಿಸಿದ್ದರಿಂದ ಅದು ಇನ್ನಷ್ಟು ನಿಜದಂತೆ ಕೇಳಿಸಿತು. ಗೆಳೆಯ, "ಅವನಿಗೆ ಗೊತ್ತಿಲ್ದೇ ಇರೋದಾ? ಅದೇ ಅವನ ಕಸುಬು," ಎಂದ.

ಭಾನುವಾರಕ್ಕೆ ಮೊದಲು ಅವನ ಕಂಪ್ಯೂಟರನ್ನು ನಾನೇ ಸರಿಮಾಡಿಕೊಟ್ಟೆ. ಅಸಲಿಯನ್ನು ಅಳಿಸಿ ನನ್ನ ಡಿಸ್ಕಿನದನ್ನು ಹಾಕಿದೆ. ಪರದೆ ಮತ್ತೆ ಹಸಿರಾಯಿತು. "ನೋಡು, ನಿಂದೇ ವಾಸಿ," ಎಂದ ಗೆಳೆಯ. ಇನ್ನು ಈ ಸ್ಟಿಕ್ಕರ್ ಯಾಕೆ, ನೋಡಿದವರು ನಗುತ್ತಾರೆ ಎಂದು ಹೇಳಿ ಬ್ಲೇಡಿನಿಂದ ಅದನ್ನು ಕೆರೆದುಹಾಕಿದೆ. ಅವನು ಬೇಡ ಎನ್ನಲಿಲ್ಲ.

ಭಾವಮೈದುನ ಬಂದ. ಸ್ಟಿಕ್ಕರ್ ಎಲ್ಲಿ ಎಂದು ಕೇಳಿದ. ಡುಪ್ಲಿಕೇಟನ್ನು ಅಂಟಿಸಿಕೊಂಡು ಏನು ಮಾಡಲಿ ಎಂದು ಗೆಳೆಯ ಕೇಳಿದ. ಅದಿಲ್ಲದೆ ಕಂಪನಿಯವರು ನನ್ನ ಮಾತು ಕೇಳುವುದಿಲ್ಲ ಎಂದು ಅವನು, ಅದು ಅಸಲಿಯಾಗಿದ್ದರೆ ತಾನೇ ಅವರು ಕೇಳುವುದು ಎಂದು ಇವನು. ಮಾತು ಬೆಳೆಯಿತು. ಅಕ್ಕನ ಮದುವೆಯಲ್ಲಿ ಆಗಿದ್ದ ಹಳೆಯ ಕೊಂಕುಗಳೆಲ್ಲ ಹೊರಗೆ ಬಂದವು. ನಾನು ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ, ಆ ಭಾನುವಾರ ನನಗೆ ಹೊಸಕೋಟೆಯಲ್ಲಿ ಏನೋ ಕೆಲಸ ಹುಟ್ಟಿಕೊಂಡಿತ್ತು.

ಮುಂದಿನ ತಿಂಗಳು ಗೌರಿ ಹಬ್ಬ. ತವರಿನಿಂದ ಹೆಣ್ಣುಮಗಳಿಗೆ ಬಾಗಿನ ಬರಬೇಕು. ಆ ಹುಡುಗ ವರ್ಷಾವರ್ಷ ತಾನೇ ತರುತ್ತಿದ್ದ: ಒಂದರ ಮೇಲೊಂದು ಮುಚ್ಚಿದ ಜೋಡಿ ಮೊರ, ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ, ರವಿಕೆ ಕಣ. ಆ ವರ್ಷವೂ ತಂದ. ಗೆಳೆಯ ಬಾಗಿಲಲ್ಲೇ ನಿಂತು, "ಇದಾದ್ರೂ ಒರಿಜಿನಲ್ಲಾ?" ಎಂದು ಕೇಳಿ ಹಿಂದಕ್ಕೆ ಕಳಿಸಿದ. ಬಾಗಿನ ಹಿಂದಕ್ಕೆ ಹೋಗುವುದನ್ನು ನಮ್ಮ ಬೀದಿ ಅದುವರೆಗೆ ನೋಡಿರಲಿಲ್ಲ. ಅವಳು ಒಳಗೆ ಗೌರಮ್ಮನ ಮುಂದೆ ಕೂತಿದ್ದಳಂತೆ, ಏಳಲಿಲ್ಲವಂತೆ.

ನಾನು ಆ ಹುಡುಗನನ್ನು ನೆಲಮಂಗಲದ ಬಸ್ ನಿಲ್ಲುವ ಕಡೆ ನೋಡಿದೆ. ಮೊರಗಳ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ, ಕೆಳಗಿಡುವ ಹಾಗಿಲ್ಲವಲ್ಲ. ನನ್ನನ್ನು ಕಂಡು ತಾನೇ ಹತ್ತಿರ ಬಂದ.

"ಅಣ್ಣಾ, ನೀವು ಹೇಳಿದ್ರೆ ಭಾವ ಕೇಳ್ತಾರೆ. ನಾನು ಹೇಳಿದ್ದು ಸುಳ್ಳಲ್ಲ ಅಂತ ನಿಮಗಾದ್ರೂ ಗೊತ್ತಿರ್ತದೆ. ಒಂದ್ ಮಾತು ಹೇಳಿ."

"ಹೇಳ್ತೀನಿ ಕಣಪ್ಪ," ಎಂದೆ.

ಬಸ್ ಬಂತು. ಅವನಿಗೆ ಕೂರಲು ಜಾಗ ಸಿಗಲಿಲ್ಲ, ಗಂಟು ಹಿಡಿದುಕೊಂಡೇ ಹತ್ತಿದ.

ಹೇಳಲಿಲ್ಲ. ವರ್ಷಗಳು ಹೋದವು. ಪ್ರತಿ ಗೌರಿ ಹಬ್ಬಕ್ಕೆ ಅವಳು ತನ್ನ ದುಡ್ಡಿನಲ್ಲೇ ಮೊರ ತಂದು, ತಾನೇ ತುಂಬಿ ಪೂಜೆ ಮಾಡಿಕೊಳ್ಳುತ್ತಿದ್ದಳು. ಅವಳ ತಾಯಿ ತೀರಿಹೋದಾಗ ಗಂಡ ಹೆಂಡತಿ ಅರಿಶಿನಕುಂಟೆಗೆ ಹೋದರು. ಮಣ್ಣು ಮುಗಿಸಿ, ಅಲ್ಲಿ ನೀರೂ ಕುಡಿಯದೆ ಅದೇ ಬಸ್ಸಿನಲ್ಲಿ ಬಂದರು. ನನ್ನ ಹೆಂಡತಿ ಅವರಿಗೆ ಕಾಫಿ ಮಾಡಿ ತೆಗೆದುಕೊಂಡು ಹೋದಳು. ನಾನು ಜೊತೆಗೆ ಹೋಗಿ ಕೂತೆ. ಅವಳು ನನ್ನನ್ನು ಅಣ್ಣಾ ಎಂದು ಕರೆಯುತ್ತಿದ್ದದ್ದು ಮೊದಲಿನಿಂದಲೂ ಇತ್ತು. ತವರು ತಪ್ಪಿದ ಮೇಲೆ ಆ ಮಾತಿಗೆ ತೂಕ ಹೆಚ್ಚಾಯಿತು. ಹಬ್ಬಕ್ಕೆ ನನ್ನನ್ನು ಕರೆದು ಊಟ ಹಾಕುತ್ತಿದ್ದಳು. ನಾನು ಉಂಡು ಬರುತ್ತಿದ್ದೆ.

ಒಂದು ಸಲ ಟೀ ಅಂಗಡಿಯಲ್ಲಿ ಹೇಳಲು ನೋಡಿದೆ. ನೇರವಾಗಿ ಅಲ್ಲ, ಸುತ್ತಿಸಿ.

"ಆವಾಗ ನಾನು ಹಾಕ್ಕೊಡ್ತಿದ್ದ ಕೀ ಬೇರೆಯೋರ್ದು ಕಣ್ರಪ್ಪ. ಕದ್ದಿದ್ದು," ಎಂದೆ.

"ಇನ್ನೇನು ನಿಮ್ಮಪ್ಪ ಬರೆದಿಟ್ಟೋಗಿದ್ನಾ?" ಎಂದ ಒಬ್ಬ.

"ಒಂದಕ್ಷರ ಕದ್ರೆ ಕಳ್ಳತನ. ಅಷ್ಟೊಂದು ಕದ್ರೆ ವಿದ್ಯೆ ಗುರು," ಎಂದ ಇನ್ನೊಬ್ಬ.

ಎಲ್ಲರೂ ನಕ್ಕು ಬೇರೆ ಮಾತಿಗೆ ಹೋದರು. ಅವರೆಲ್ಲರ ಮನೆಯಲ್ಲೂ ಅದೇ ಕೀ ಓಡಿತ್ತು. ಎಲ್ಲರೂ ಮಾಡಿದ್ದನ್ನು ಒಬ್ಬನು ತಪ್ಪು ಎಂದರೆ ಕೇಳುವ ಕಿವಿ ಸಿಗುವುದಿಲ್ಲ. ಅವರು ನಕ್ಕದ್ದು ನನಗೆ ಅನುಕೂಲವೇ ಆಯಿತು. ಹೇಳಿ ಆಯಿತು ಎಂದುಕೊಂಡು ಇನ್ನೂ ಕೆಲವು ವರ್ಷ ಕಳೆದೆ.

ನನ್ನ ಅಂಗಡಿ ಮುಚ್ಚಿತು. ಕಣ್ಣಿನ ಪೊರೆ ತೆಗೆಸಿಕೊಂಡೆ. ಈಗ ಕಂಪ್ಯೂಟರ್ ಕೊಂಡರೆ ಓಎಸ್ ಜೊತೆಗೇ ಬರುತ್ತದೆ, ಯಾರೂ ನನ್ನನ್ನು ಕರೆಯುವುದಿಲ್ಲ.

ಹೋದ ವರ್ಷ ಗೆಳೆಯನ ಮಗಳ ಮದುವೆ ನಿಶ್ಚಯವಾಯಿತು. ಕಂಪ್ಯೂಟರಿಗೆ ಪೂಜೆ ಮಾಡಿದ ದಿನ ಲಂಗ ಹಾಕಿಕೊಂಡು ಗಂಟೆ ಅಲ್ಲಾಡಿಸಿದ ಹುಡುಗಿ ಅವಳು. ಕಾರ್ಡು, ಅರಿಶಿನ ಕುಂಕುಮ ತೆಗೆದುಕೊಂಡು ಅವಳ ತಾಯಿ ಒಬ್ಬಳೇ ನಮ್ಮ ಮನೆಗೆ ಬಂದಳು. ಕಾರ್ಡು ಕೊಟ್ಟ ಮೇಲೂ ಏಳಲಿಲ್ಲ.

"ಅಣ್ಣಾ, ಇನ್ನೊಂದ್ ಮಾತು. ಹುಡುಗೀನ ಮಂಟಪಕ್ಕೆ ಕರ್ಕೊಂಬರೋಕೆ ಸೋದರಮಾವ ಬೇಕಲ್ಲ. ನನ್ ತಮ್ಮ ಇದ್ದೂ ಇಲ್ದಂಗೆ. ನೀವೇ ಆ ಜಾಗದಲ್ಲಿ ನಿಂತ್ಕೊಬೇಕು. ಇವ್ರೂ ಒಪ್ಪವ್ರೆ."

ನನ್ನ ಹೆಂಡತಿ ಪಕ್ಕದಲ್ಲಿದ್ದವಳು, "ಅದಕ್ಕೇನಮ್ಮ, ನಿಂತ್ಕೊತಾರೆ," ಎಂದುಬಿಟ್ಟಳು. ನಾನು ತಲೆ ಆಡಿಸಿದೆನೋ ಇಲ್ಲವೋ ನೆನಪಿಲ್ಲ. ಅವಳು ನನ್ನ ಕಾಲು ಮುಟ್ಟಿ ಹೋದಳು.

ನಾನು ಆ ಹುಡುಗಿಯ ಕೈ ಹಿಡಿದು ಛತ್ರದ ಮಧ್ಯೆ ನಡೆಯುವುದನ್ನು ಯೋಚಿಸಿದೆ. ಎರಡು ಕಡೆಯೂ ನೆಂಟರು. ಅವರಲ್ಲಿ ಯಾರಾದರೂ ಸೋದರಮಾವ ಯಾರು ಎಂದು ಕೇಳಿದರೆ ಯಾರೋ ನನ್ನನ್ನು ತೋರಿಸುತ್ತಾರೆ. ಅದು ಆಗುವುದಿಲ್ಲ ಎಂದು ಗೊತ್ತಾಯಿತು. ಹೇಳಲು ಧೈರ್ಯ ಬಂತು ಎನ್ನಲಾರೆ. ಆ ನಡಿಗೆಗಿಂತ ಹೇಳುವುದು ಸುಲಭ ಎನಿಸಿತು.

ಮರುದಿನ ಮಧ್ಯಾಹ್ನ ಹೋದೆ. ಕರೆಂಟ್ ಇರಲಿಲ್ಲ, ಮಗ್ಗಗಳು ನಿಂತಿದ್ದವು. ಮಗ್ಗದ ಮನೆಯವರು ಗಟ್ಟಿಯಾಗಿ ಮಾತಾಡುವುದು ರೂಢಿ, ಕರೆಂಟ್ ಹೋದಾಗಲೂ ಸ್ವಲ್ಪ ಹೊತ್ತು ಕೂಗಿಕೊಂಡೇ ಮಾತಾಡುತ್ತೇವೆ. ನಾನು ಹೇಳತೊಡಗಿದಾಗ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. ಗೆಳೆಯ ಮಂಚದ ಮೇಲೆ ಕೂತಿದ್ದ. ಅವಳು ಬಾಗಿಲ ಹತ್ತಿರ ಅಕ್ಷತೆಯ ಅಕ್ಕಿ ಆರಿಸುತ್ತಿದ್ದಳು. ಸ್ಟಿಕ್ಕರ್ ಓದಿದ್ದು, ಕೀ ಹಂಚಿದ್ದು, ಅದಕ್ಕೇ ಅವನ ಪರದೆ ಕಪ್ಪಾದದ್ದು, ಭಾವಮೈದುನನದು ಏನೂ ತಪ್ಪಿಲ್ಲದ್ದು, ಎಲ್ಲ ಹೇಳಿದೆ.

ಗೆಳೆಯ ನಂಬಲಿಲ್ಲ. ನಕ್ಕ.

"ಲೇ, ಮದ್ವೆ ಮನೇಲಿ ಇದೆಲ್ಲ ಇದ್ದಿದ್ದೇ. ಮುನಿಸ್ಕೊಂಡೋರ್ನ ಸೇರ್ಸೋಕೆ ಯಾರೋ ಒಬ್ಬ ದೊಡ್ಡೋನು ತಪ್ಪು ತನ್ ತಲೆ ಮೇಲೆ ಎಳ್ಕೊತಾನೆ. ನಮ್ಮಪ್ಪಾನೂ ಮಾಡಿದ್ದ. ಇವಳು ಅತ್ತಳಾ ನಿನ್ ಹತ್ರ ಬಂದು? ನೀನು ಒಳ್ಳೇನು ಕಣೋ, ಆದ್ರೆ ಬ್ಯಾಡ ಬಿಡು."

ಅವನು ಹೇಳಿದ್ದು ಸುಳ್ಳಲ್ಲ, ನಮ್ಮಲ್ಲಿ ಹಾಗೆ ಮಾಡುವವರಿದ್ದಾರೆ. ನಾನು ಆಣೆ ಮಾಡುತ್ತೇನೆ ಎಂದೆ. ಆಣೆಯೂ ಅದರಲ್ಲೇ ಸೇರಿದ್ದು ಎಂದು ಕೈ ಆಡಿಸಿದ.

ಆಗ ಅವಳು ಅಕ್ಕಿಯ ತಟ್ಟೆ ಕೆಳಗಿಟ್ಟಳು.

"ಆ ಡಬ್ಬಿ ಅಟ್ಟದ ಮೇಲೈತೆ," ಎಂದಳು.

"ಅದನ್ನ ಗುಜರಿಗೆ ಹಾಕು ಅಂದಿದ್ನಲ್ಲ," ಎಂದ ಗೆಳೆಯ.

"ಹಾಕ್ಲಿಲ್ಲ. ನನ್ ತಮ್ಮ ತಂದುಕೊಟ್ಟಿದ್ದು."

ಮಗ್ಗದವನೊಬ್ಬನನ್ನು ಕರೆದು ಇಳಿಸಿದರು. ಹಳೆಯ ಸೀರೆಯೊಂದರಲ್ಲಿ ಸುತ್ತಿತ್ತು. ಬಿಚ್ಚಿದರೆ ಡಬ್ಬಿಯ ಪಕ್ಕದಲ್ಲಿ ಸ್ಟಿಕ್ಕರಿನ ತುಂಡು ಇನ್ನೂ ಅಂಟಿಕೊಂಡಿತ್ತು. ನಾನು ಆವತ್ತು ಅವಸರದಲ್ಲಿ ಕೆರೆದಿದ್ದೆ, ಬ್ಲೇಡು ಕೊನೆಯ ಅಂಚನ್ನು ಬಿಟ್ಟಿತ್ತು. ಅವಳು ಸೆರಗಿನಿಂದ ಧೂಳು ಒರೆಸಿದಳು. ಕೊನೆಯ ಗುಂಪು ಉಳಿದಿತ್ತು, ಸುತ್ತ ಕಂದಿದ ಕೆಂಪು.

"ಹೇಳಿ," ಎಂದಳು.

ನಾನು ಮೊದಲಿನಿಂದ ಹೇಳಿದೆ. ಹಾಗೆ ಹೇಳಿದರೇ ನನಗೆ ಬರುವುದು. ನಾಲ್ಕು ಗುಂಪು ಮುಗಿದ ಮೇಲೆ ಅವಳು ಬೆರಳು ಇಟ್ಟಳು. ಐದನೆಯದನ್ನು ಒಂದೊಂದಾಗಿ ಹೇಳಿದೆ. ಅವಳ ಬೆರಳು ಒಂದೊಂದಾಗಿ ಸರಿಯಿತು. ಎಲ್ಲೂ ನಿಲ್ಲಲಿಲ್ಲ.

ಗೆಳೆಯ ಬಗ್ಗಿ ಡಬ್ಬಿಯನ್ನು ನೋಡಿದ. ಆಮೇಲೆ ಕೇಳಿದ್ದು ಕೀಯ ವಿಷಯವನ್ನಲ್ಲ.

"ಫೋನ್ ಮಾಡಿದ್ರೆ ಹೊಸದು ಕೊಡ್ತಾರೆ ಅಂದಿದ್ನಲ್ಲ ಅವ್ನು. ಅದು ನಿಜಾನಾ?"

"ನಿಜ."

"ನಾನು ನಿನ್ನ ಕೇಳಿದ್ದೆ."

"ಕೇಳಿದ್ದೆ."

"ನಿನ್ ಅಂಗಡಿ ಬಾಗಿಲಲ್ಲಿ ನಿಂತ್ಕೊಂಡು ಕೇಳಿದ್ದೆ ಕಣೋ."

ಅಷ್ಟರಲ್ಲಿ ಕರೆಂಟ್ ಬಂತು. ಹಿಂದಿನ ಮಗ್ಗಗಳು ಒಂದಾದ ಮೇಲೊಂದು ಶುರುವಾದವು. ಆ ಸದ್ದಿನಲ್ಲಿ ಮಾತು ಮುಂದುವರಿಸಬೇಕಾದರೆ ಕೂಗಬೇಕಿತ್ತು. ಯಾರೂ ಕೂಗಲಿಲ್ಲ. ನಾನು ಎದ್ದು ಬಂದೆ.

ಅವರಿಬ್ಬರೂ ಅರಿಶಿನಕುಂಟೆಗೆ ಹೋಗಿಬಂದರು ಎಂದು ಆಮೇಲೆ ಗೊತ್ತಾಯಿತು. ಅಲ್ಲಿ ಏನು ಮಾತಾಯಿತು ಎಂದು ನನಗೆ ಯಾರೂ ಹೇಳಲಿಲ್ಲ. ಕೇಳುವ ಹಕ್ಕೂ ನನಗಿರಲಿಲ್ಲ. ಕೊಟ್ಟ ಕಾರ್ಡನ್ನು ಯಾರೂ ಹಿಂದಕ್ಕೆ ಕೇಳದ ಕಾರಣ ಮದುವೆಗೆ ಹೋದೆ. ಹಿಂದಿನ ಸಾಲಿನಲ್ಲಿ ಕೂತೆ.

ಹುಡುಗಿಯನ್ನು ಮಂಟಪಕ್ಕೆ ಕರೆತಂದವನ ತಲೆ ಅರ್ಧ ನರೆತಿತ್ತು. ಆ ಹುಡುಗ ಎಂದೇ ನಾನು ಬರೆಯುತ್ತಾ ಬಂದಿದ್ದೇನೆ, ಅವನು ಹುಡುಗನಾಗಿ ಉಳಿದಿರಲಿಲ್ಲ. ಎಲ್ಲರಿಗೂ ದಾರಿ ಬಿಡಿ ಎನ್ನುತ್ತಾ, ಅಕ್ಕನ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದು, ಅವಳಿಗಿಂತ ಮುಂದೆ ಮುಂದೆ ನಡೆದ. ಊಟದ ಮನೆಯ ಬಾಗಿಲಲ್ಲಿ ನನಗೆ ಎದುರಾದ. ನಾನು ನಿಂತೆ. ಅವನೂ ನಿಂತ.

"ಬಸ್ ಸ್ಟಾಪಲ್ಲಿ ಹೇಳ್ತೀನಿ ಅಂದಿದ್ರಿ," ಎಂದ. "ಅಂತೂ ಹೇಳಿದ್ರಿ."

ಸಿಟ್ಟಿನಲ್ಲಿ ಹೇಳಿದನೋ ಸಮಾಧಾನದಲ್ಲಿ ಹೇಳಿದನೋ ತಿಳಿಯಲಿಲ್ಲ. ಯಾರೋ ಅವನನ್ನು ಮಾವ ಮಾವ ಎಂದು ಕೂಗಿದರು, ಹೋದ.

ಗೆಳೆಯ ಪಂಕ್ತಿಯಲ್ಲಿ ಎಲ್ಲರನ್ನೂ ವಿಚಾರಿಸುತ್ತಾ ಬಂದ. ನನ್ನ ಎಲೆಯ ಮುಂದೆಯೂ ನಿಲ್ಲದೇ ಇರಲಿಲ್ಲ. "ನಿಧಾನಕ್ಕೆ ಊಟ ಮಾಡಿ," ಎಂದ. ಅರವತ್ತು ವರ್ಷದ ಸ್ನೇಹದಲ್ಲಿ ಅವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಹೊರಗೆ ಅವನ ಹೆಂಡತಿ ಹೋಗುವವರಿಗೆಲ್ಲ ತಾಂಬೂಲದ ಚೀಲ ಕೊಡುತ್ತಿದ್ದಳು. ಮುಖದಲ್ಲಿ ನಾನು ಬಹಳ ವರ್ಷದಿಂದ ಕಾಣದ ಒಂದು ಕಳೆ ಇತ್ತು. ನನ್ನ ಮುಂದಿದ್ದವರಿಗೆ, "ಮಾವ, ಹುಷಾರಾಗಿ ಹೋಗ್ಬನ್ನಿ," ಎಂದಳು. ನನ್ನ ಹಿಂದೆ ನಿಂತಿದ್ದವರನ್ನು, "ಅಕ್ಕಾ, ಊಟ ಆಯ್ತಾ?" ಎಂದು ಕೇಳಿದಳು. ನನಗೂ ಎರಡು ಕೈಯಿಂದಲೇ ಚೀಲ ಕೊಟ್ಟಳು.

"ತಗೊಳ್ಳಿ," ಎಂದಳು. ಅದರ ಹಿಂದೆಯೂ ಮುಂದೆಯೂ ಅಣ್ಣಾ ಎನ್ನುವ ಮಾತು ಇರಲಿಲ್ಲ. ನಾನು ತೆಗೆದುಕೊಂಡು, ಹಿಂದಿನವರಿಗೆ ಜಾಗ ಬಿಟ್ಟೆ.